ಬಾದಾಮಿಯೋ, ಗೋಡಂಬಿಯೋ, ಕಡಲೆಬೀಜವೋ? ನಿಮಗೆ ಹೊಂದುವ ನಟ್ಸ್ ಆರಿಸುವುದು ಹೇಗೆ

ಯಾವ ನಟ್ಸ್ ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಿದರೆ ಹೆಚ್ಚಿನವರು ಯೋಚನೆಯೇ ಮಾಡದೆ ಬಾದಾಮಿ ಎನ್ನುತ್ತಾರೆ. ಗೋಡಂಬಿ ಎಂದರೆ ಬರೀ ಕೊಬ್ಬು, ಅಕ್ರೋಟು ಎಂದರೆ ಮೆದುಳಿಗೆ, ಕಡಲೆಬೀಜ ಎಂದರೆ ಸುಮ್ನೆ ಬಾಯಾಡಿಸೋಕೆ. ಹೀಗೆ ಒಂದೊಂದಕ್ಕೂ ಒಂದೊಂದು ಹಣೆಪಟ್ಟಿ. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇವುಗಳಲ್ಲಿ ಅರ್ಧ ಉದುರಿಹೋಗುತ್ತವೆ. ಗೋಡಂಬಿಯಲ್ಲಿ ಬಾದಾಮಿಗಿಂತ ಕೊಬ್ಬು ಕಡಿಮೆ. ಪ್ರೋಟೀನ್ ವಿಷಯದಲ್ಲಿ ಎಲ್ಲವನ್ನೂ ಹಿಂದೆ ಹಾಕುವುದು ಕಡಲೆಬೀಜ.

ಹಾಗಾಗಿ ಇಲ್ಲಿ ಒಂದು, ಎರಡು, ಮೂರು ಎಂದು ರ‍್ಯಾಂಕ್ ಕೊಡಲು ಹೋಗುವುದಿಲ್ಲ. ನೋಡಬೇಕಾದ್ದು ಎರಡೇ. ನಿಮ್ಮ ಊಟದಲ್ಲಿ ಯಾವುದು ಕಡಿಮೆ ಬೀಳುತ್ತಿದೆ? ಮತ್ತೆ, ಆ ಬೀಜವನ್ನು ನೀವು ಯಾವ ರೂಪದಲ್ಲಿ ತಿನ್ನುತ್ತೀರಿ? ಎರಡನೆಯದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಆದರೆ ಬಾದಾಮಿಯನ್ನು ಇಡಿಯಾಗಿ ಅಗಿದು ತಿನ್ನುವುದಕ್ಕೂ ನುಣ್ಣಗೆ ಅರೆದು ಬೆಣ್ಣೆ ಮಾಡಿ ತಿನ್ನುವುದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಬಾದಾಮಿಗೂ ಪಿಸ್ತಾಕ್ಕೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು.

ಮೊದಲು ಅಳತೆ

ಪೋಷಕಾಂಶಗಳ ಪಟ್ಟಿಗಳು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲಿ ಇರುತ್ತವೆ. ಒಂದೇ ಸಲಕ್ಕೆ 100 ಗ್ರಾಂ ಬಾದಾಮಿ ಯಾರು ತಿನ್ನುತ್ತಾರೆ? ಅದು ಎಂಬತ್ತು ಕಾಳಾಗುತ್ತದೆ. ಅದಕ್ಕೇ ಇಲ್ಲಿ ಸುಮಾರು 28 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಎಂದು ಲೆಕ್ಕ ಹಾಕಿದ್ದೇನೆ. ಎಣಿಸಿದರೆ ಬಾದಾಮಿ 23, ಗೋಡಂಬಿ 18, ಪಿಸ್ತಾ 49, ಅಕ್ರೋಟಿನ ಅರ್ಧ ಹೋಳು 14, ಬ್ರೆಜಿಲ್ ನಟ್ ಆರೇ ಆರು. ಎಲ್ಲವೂ ಉಪ್ಪು ಹಾಕದ, ಹುರಿಯದ ಬೀಜದ ಅಂದಾಜು. ತಳಿ ಮತ್ತು ಬೆಳೆದ ಮಣ್ಣಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗುತ್ತದೆ. ಪಟ್ಟಿಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಎಂದರೆ ಬೆಣ್ಣೆ, ತುಪ್ಪದಲ್ಲಿ ಹೆಚ್ಚಿರುವ, ಸಾಮಾನ್ಯವಾಗಿ ಕೆಟ್ಟ ಕೊಲೆಸ್ಟರಾಲ್ ಏರಿಸುವ ಬಗೆ.

| ಬೀಜ (28 ಗ್ರಾಂ) | ಕ್ಯಾಲೊರಿ | ಪ್ರೋಟೀನ್ (ಗ್ರಾಂ) | ಒಟ್ಟು ಕೊಬ್ಬು (ಗ್ರಾಂ) | ಸ್ಯಾಚುರೇಟೆಡ್ ಕೊಬ್ಬು (ಗ್ರಾಂ) | ನಾರು (ಗ್ರಾಂ) |
|---|---|---|---|---|---|
| ಕಡಲೆಬೀಜ | 161 | 7.3 | 14 | 1.8 | 2.4 |
| ಬಾದಾಮಿ | 164 | 6 | 14.2 | 1.1 | 3.5 |
| ಪಿಸ್ತಾ | 159 | 5.7 | 12.8 | 1.7 | 3 |
| ಗೋಡಂಬಿ | 157 | 5.2 | 12.4 | 2.2 | 0.9 |
| ಅಕ್ರೋಟು | 185 | 4.3 | 18.5 | 1.7 | 1.9 |
| ಹೇಝಲ್‌ನಟ್ | 178 | 4.2 | 17.2 | 1.3 | 2.7 |
| ಬ್ರೆಜಿಲ್ ನಟ್ | 187 | 4.1 | 19 | 4.6 | 2.1 |
| ಪೀಕನ್ | 196 | 2.6 | 20.4 | 1.8 | 2.7 |
| ಮೆಕಡೇಮಿಯಾ | 204 | 2.2 | 21.5 | 3.4 | 2.4 |

ಕ್ಯಾಲೊರಿ ಸಾಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ. ಅತಿ ಕಡಿಮೆ 157, ಅತಿ ಜಾಸ್ತಿ 204. ಹಿಡಿಯಷ್ಟೇ ತಿನ್ನುವವರಿಗೆ ಇದು ತಲೆ ಕೆಡಿಸಿಕೊಳ್ಳುವ ವ್ಯತ್ಯಾಸವೇ ಅಲ್ಲ. ಒಂದು ಹಿಡಿ ಹೋಗಿ ಮೂರು ಹಿಡಿಯಾದಾಗ ಮಾತ್ರ ತೂಕ ಏರುತ್ತದೆ. ಆಗ ಯಾವ ಬೀಜವಾದರೂ ಕಥೆ ಒಂದೇ.

ಲೇಬಲ್ಲಿನ ಕ್ಯಾಲೊರಿ ಬೇರೆ, ಮೈಗೆ ಸೇರುವ ಕ್ಯಾಲೊರಿ ಬೇರೆ

ಇದು ನನಗೆ ಈ ಇಡೀ ವಿಷಯದಲ್ಲೇ ಅತಿ ಇಷ್ಟವಾದ ಭಾಗ. ಒಂದು ಬಾದಾಮಿಯನ್ನು ಚೆನ್ನಾಗಿ ಅಗಿದು ನಾಲಿಗೆಯ ಮೇಲೆ ಹಾಗೇ ಇಟ್ಟುಕೊಳ್ಳಿ. ಪೇಸ್ಟ್ ಆಗುವುದಿಲ್ಲ, ರವೆಯಂತೆ ತರಿತರಿಯಾಗಿ ಉಳಿಯುತ್ತದೆ. ಆ ಒಂದೊಂದು ತರಿಯಲ್ಲೂ ಸಾವಿರಾರು ಜೀವಕೋಶಗಳಿವೆ. ಎಣ್ಣೆ ಇರುವುದು ಅವುಗಳ ಒಳಗೆ, ಕೋಶದ ಗೋಡೆ ಇರುವುದು ನಾರಿನಿಂದ. ಹಲ್ಲಿಗೆ ಸಿಕ್ಕಿ ಒಡೆದ ಕೋಶದ ಎಣ್ಣೆ ಮಾತ್ರ ಸುಲಭವಾಗಿ ಜೀರ್ಣವಾಗುತ್ತದೆ. ಒಡೆಯದೆ ಉಳಿದದ್ದರ ಗೋಡೆ ಕರಗಿಸಲು ನಮ್ಮ ಹೊಟ್ಟೆಯಲ್ಲಿ ಕಿಣ್ವವೇ ಇಲ್ಲ. ಆ ಎಣ್ಣೆಯಲ್ಲಿ ಒಂದು ಪಾಲು ಗೋಡೆಯ ಒಳಗೇ ಕುಳಿತು ಹೊರಗೆ ಹೋಗಿಬಿಡುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಇದನ್ನು ಜನರಿಗೆ ತಿನ್ನಿಸಿಯೇ ಅಳೆದರು. 2012ರಲ್ಲಿ ಬಂದ ಅವರ ಫಲಿತಾಂಶದಂತೆ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ಸೇರಿದ್ದು ಸುಮಾರು 129 ಕ್ಯಾಲೊರಿ ಮಾತ್ರ. ಹಳೆಯ ಲೆಕ್ಕಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆ. ಮುಂದೆ ಅಕ್ರೋಟನ್ನು ಅಳೆದಾಗ 185ರ ಬದಲು 146 ಸಿಕ್ಕಿತು. ಗೋಡಂಬಿಗೆ 137. ಪಿಸ್ತಾದಲ್ಲಿ ಮಾತ್ರ ವ್ಯತ್ಯಾಸ ತೀರಾ ಕಡಿಮೆ, ನೂರಕ್ಕೆ ಐದರಷ್ಟು.

2016ರಲ್ಲಿ ಅವರೇ ಬಾದಾಮಿಯ ಬೇರೆ ಬೇರೆ ರೂಪಗಳನ್ನು ಹೋಲಿಸಿದರು. ಇಡಿಯಾದ ಹಸಿ ಬಾದಾಮಿಯಿಂದ ಗ್ರಾಂಗೆ 4.4 ಕ್ಯಾಲೊರಿ, ಹುರಿದದ್ದರಿಂದ 4.9, ಹುರಿದು ಕತ್ತರಿಸಿದ್ದರಿಂದ 5, ಬಾದಾಮಿ ಬೆಣ್ಣೆಯಿಂದ 6.5. ಬೀಜ ಒಂದೇ. ಮಿಕ್ಸಿ ಎಷ್ಟು ತಿರುಗಿತು ಎನ್ನುವುದರ ಮೇಲೆ ಕ್ಯಾಲೊರಿ ಒಂದೂವರೆ ಪಟ್ಟು ಏರಿತು.

ಇದರಿಂದ ಎರಡು ಕಡೆಗೂ ಉಪಯೋಗವಿದೆ. ತೂಕ ಇಳಿಸಬೇಕು ಎನ್ನುವವರು ಇಡಿ ಬೀಜವನ್ನೇ ತಿನ್ನಲಿ. ತೂಕ ಹೆಚ್ಚಬೇಕಾದ ಮಕ್ಕಳಿಗೆ, ಹಸಿವು ಕಡಿಮೆಯಾದ ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಅರೆದ ಪೇಸ್ಟೇ ಒಳ್ಳೆಯದು. ಅವರು ತಿಂದ ಪ್ರತಿ ಚಮಚವೂ ಮೈಗೆ ಹತ್ತಲಿ ಅಂತಲೇ ಅಲ್ವಾ ನಮ್ಮ ಆಸೆ?

ಪ್ರೋಟೀನ್ ಬೇಕೆಂದರೆ

ಕಡಲೆಬೀಜಕ್ಕೆ ಎದುರಿಲ್ಲ. 100 ಗ್ರಾಂನಲ್ಲಿ ಸುಮಾರು 26 ಗ್ರಾಂ ಪ್ರೋಟೀನ್. ಕಾರಣವೂ ಸರಳ. ಶೇಂಗಾ ಮರದಲ್ಲಿ ಬಿಡುವ ನಟ್ ಅಲ್ಲವೇ ಅಲ್ಲ. ಅದು ಅವರೆ, ಕಡಲೆ, ಬಟಾಣಿಯ ಬಳಗದ ದ್ವಿದಳ ಧಾನ್ಯ. ಹೂವು ಮೇಲೆ ಬಿಟ್ಟು ಕಾಯಿ ಮಣ್ಣಿನೊಳಗೆ ಬೆಳೆಯುತ್ತದೆ ಅಷ್ಟೆ. ಹಾಗಾಗಿ ಕಾಳಿನ ಪ್ರೋಟೀನೂ ನಟ್ಸಿನ ಎಣ್ಣೆಯೂ ಒಂದೇ ಸಿಪ್ಪೆಯೊಳಗೆ ಸಿಗುತ್ತವೆ. ಜೊತೆಗೆ ನಯಾಸಿನ್ ಮತ್ತು ಫೋಲೇಟ್ ಎಂಬ ಎರಡು ಬಿ ವಿಟಮಿನ್‌ಗಳೂ ಉಳಿದ ನಟ್ಸ್‌ಗಿಂತ ಇದರಲ್ಲೇ ಜಾಸ್ತಿ. ಇಷ್ಟೆಲ್ಲ ಇದ್ದೂ ಅಗ್ಗವಾಗಿ ಸಿಗುತ್ತದೆ ಎನ್ನುವ ಒಂದೇ ಕಾರಣಕ್ಕೆ ಇದನ್ನು ಬಡವರ ಬಾದಾಮಿ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಬಾದಾಮಿಯೇ ಇದರ ಹಿಂದೆ ನಿಂತಿದೆ.

ಬಾದಾಮಿ, ಪಿಸ್ತಾ ನಂತರದ ಜಾಗದಲ್ಲಿ ಹೆಚ್ಚುಕಡಿಮೆ ಸಮ. ಮೆಕಡೇಮಿಯಾ ಮತ್ತು ಪೀಕನ್‌ಗಳನ್ನು ಪ್ರೋಟೀನಿಗಾಗಿ ಕೊಳ್ಳುವುದು ವ್ಯರ್ಥ. ಅವು ಎಣ್ಣೆಯ ಉಂಡೆಗಳು, ರುಚಿಗಾಗಿ ತಿನ್ನಿ.

ಒಂದು ಮಾತು ಮಾತ್ರ ನೆನಪಿರಲಿ. ನಟ್ಸ್ ಪ್ರೋಟೀನಿನ ಮುಖ್ಯ ಮೂಲವಾಗುವುದು ಕಷ್ಟ. 20 ಗ್ರಾಂ ಪ್ರೋಟೀನ್ ಬೇಕೆಂದು ಬರೀ ಬಾದಾಮಿ ತಿಂದರೆ ಲೇಬಲ್ ಲೆಕ್ಕದಲ್ಲಿ 550 ಕ್ಯಾಲೊರಿ ಒಳಗೆ ಹೋಗಿರುತ್ತದೆ. ಅಲ್ಲದೆ ಬಹುಪಾಲು ನಟ್ಸ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳು, ಹಾಲು, ಮೊಟ್ಟೆಯಲ್ಲಿ ಅದು ಚೆನ್ನಾಗಿರುತ್ತದೆ. ಪ್ರೋಟೀನಿನ ಊಟ ಅವುಗಳದ್ದು, ನಟ್ಸ್ ಅದಕ್ಕೆ ಜೊತೆ.

ಕೊಬ್ಬಿನ ಜಾತಿ ನೋಡಿ, ಪ್ರಮಾಣ ಅಲ್ಲ

ನಟ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧದಿಂದ ಮುಕ್ಕಾಲು ಭಾಗ ಕೊಬ್ಬೇ. ಆದರೆ ಅದರಲ್ಲಿ ಬಹುಪಾಲು ಹೃದಯಕ್ಕೆ ಒಳ್ಳೆಯ ಬಗೆಯದು. ಬಾದಾಮಿ, ಹೇಝಲ್‌ನಟ್, ಗೋಡಂಬಿ, ಮೆಕಡೇಮಿಯಾಗಳಲ್ಲಿ ಇರುವುದು ಹೆಚ್ಚಾಗಿ ಆಲಿವ್ ಎಣ್ಣೆಯಲ್ಲಿರುವಂಥ ಓಲಿಯಿಕ್ ಆಮ್ಲ.

ಅಕ್ರೋಟು ಇವುಗಳ ನಡುವೆ ಬೇರೆ ದಾರಿ ಹಿಡಿದ ಬೀಜ. ಅದರ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಪಾಲಿಅನ್‌ಸ್ಯಾಚುರೇಟೆಡ್, ಅಂದರೆ ಸೂರ್ಯಕಾಂತಿ ಎಣ್ಣೆಯಲ್ಲಿ, ಮೀನಿನಲ್ಲಿ ಸಿಗುವಂಥ ಬಗೆ. ಒಂದು ಹಿಡಿಯಲ್ಲಿ ಸುಮಾರು 2.5 ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಸಿಗುತ್ತದೆ, ಅಂದರೆ ಸಸ್ಯಮೂಲದ ಒಮೆಗಾ-3. ದಿನಕ್ಕೆ ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಸಾಕು ಎಂದು ಅಮೆರಿಕದ ಶಿಫಾರಸು ಹೇಳುತ್ತದೆ. ಬಾದಾಮಿ, ಗೋಡಂಬಿ, ಪಿಸ್ತಾ, ಕಡಲೆಬೀಜಗಳಲ್ಲಿ ಇದು ಹೆಸರಿಗಷ್ಟೇ ಇದೆ. ಮೀನು ತಿನ್ನದವರಿಗೆ ಅಕ್ರೋಟಿನ ಮಹತ್ವ ಹೆಚ್ಚುವುದು ಇಲ್ಲೇ. ಆದರೆ ಮೀನಿನಲ್ಲಿರುವ ಒಮೆಗಾ-3ಕ್ಕೆ ಇದು ಪೂರ್ತಿ ಬದಲಿಯಲ್ಲ. ನಮ್ಮ ದೇಹ ಸಸ್ಯದ ಒಮೆಗಾ-3ರಲ್ಲಿ ಸ್ವಲ್ಪವನ್ನಷ್ಟೇ ಮೀನಿನ ಬಗೆಗೆ ಬದಲಾಯಿಸಿಕೊಳ್ಳುತ್ತದೆ.

ಮೆದುಳಿನ ಮಾತು ಬಂತಲ್ಲ. ಹೋಳು ನೋಡಲು ಮೆದುಳಿನ ಹಾಗಿದೆ ಎಂದಮಾತ್ರಕ್ಕೆ ಮೆದುಳಿಗೆ ಒಳ್ಳೆಯದಾಗಬೇಕಿಲ್ಲ. ಸ್ಪೇನ್ ಮತ್ತು ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರಿಗೆ ಎರಡು ವರ್ಷ ದಿನವೂ ಅಕ್ರೋಟು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಒಟ್ಟಾರೆಯಾಗಿ ಯೋಚನೆ, ನೆನಪಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಅಕ್ರೋಟನ್ನು ಹೃದಯಕ್ಕಾಗಿ ತಿನ್ನಿ. ಆ ಕಡೆ ಆಧಾರ ಗಟ್ಟಿಯಾಗಿದೆ.

ಎಷ್ಟು ಗಟ್ಟಿ? ಸ್ಪೇನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಎಂಬ ದೊಡ್ಡ ಪ್ರಯೋಗವಿದೆ. ಅದರಲ್ಲಿ ಒಂದು ಗುಂಪಿಗೆ ಮೆಡಿಟರೇನಿಯನ್ ಶೈಲಿಯ (ತರಕಾರಿ, ಕಾಳು, ಮೀನು, ಆಲಿವ್ ಎಣ್ಣೆ ಹೆಚ್ಚಿರುವ) ಊಟದ ಜೊತೆ ದಿನಕ್ಕೆ 30 ಗ್ರಾಂ ನಟ್ಸ್ ಕೊಟ್ಟರು. 15 ಗ್ರಾಂ ಅಕ್ರೋಟು, ಬಾದಾಮಿ ಮತ್ತು ಹೇಝಲ್‌ನಟ್ ತಲಾ 7.5 ಗ್ರಾಂ. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಸೇರಿ ಆ ಗುಂಪಿನಲ್ಲಿ ಶೇ 30ರ ಆಸುಪಾಸು ಕಡಿಮೆಯಾಯಿತು. 2013ರಲ್ಲಿ ಪ್ರಕಟವಾದ ಈ ವರದಿಯನ್ನು ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ಲೋಪ ಕಂಡಿತೆಂದು ಹಿಂದಕ್ಕೆ ಪಡೆದು, 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಗಮನಿಸಿ, ಅವರು ಕೊಟ್ಟದ್ದು ಒಂದೇ ಬೀಜವಲ್ಲ, ಮಿಶ್ರಣ.

ಗೋಡಂಬಿಗೆ ಕೆಟ್ಟ ಹೆಸರು ಬಂದದ್ದು ಸ್ಯಾಚುರೇಟೆಡ್ ಕೊಬ್ಬಿನಿಂದ. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ದಿನಕ್ಕೆ 42 ಗ್ರಾಂ ನಟ್ಸ್ ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಪ್ಯಾಕೆಟ್ಟಿನ ಮೇಲೆ ಬರೆಯಲು ಒಪ್ಪಿತು. ಆದರೆ 50 ಗ್ರಾಂನಲ್ಲಿ 4 ಗ್ರಾಂ ದಾಟಿ ಸ್ಯಾಚುರೇಟೆಡ್ ಕೊಬ್ಬು ಇರುವವಕ್ಕೆ ಆ ಅವಕಾಶ ಇಲ್ಲ ಎಂದಿತು. ಗೋಡಂಬಿ, ಬ್ರೆಜಿಲ್ ನಟ್, ಮೆಕಡೇಮಿಯಾ ಹೊರಗುಳಿದವು. 2017ರಲ್ಲಿ ಮೆಕಡೇಮಿಯಾಗೆ ಪ್ರತ್ಯೇಕವಾಗಿ ಒಪ್ಪಿಗೆ ಸಿಕ್ಕಿತು. ಗೋಡಂಬಿ ಗೆರೆಯ ಹತ್ತಿರವೇ ಇದ್ದು ಹೊರಗೆ ಬಿದ್ದದ್ದು. ಅದರ ಸ್ಯಾಚುರೇಟೆಡ್ ಕೊಬ್ಬಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ, ಅದು ಕೆಟ್ಟ ಕೊಲೆಸ್ಟರಾಲನ್ನು ಅಷ್ಟಾಗಿ ಏರಿಸುವುದಿಲ್ಲ. ಇನ್ನು ಗೋಡಂಬಿಯಲ್ಲೇ ಕೊಲೆಸ್ಟರಾಲ್ ಇದೆ ಎನ್ನುವ ಮಾತು ಶುದ್ಧ ಸುಳ್ಳು. ಯಾವ ನಟ್ಸ್‌ನಲ್ಲೂ ಕೊಲೆಸ್ಟರಾಲ್ ಇರುವುದಿಲ್ಲ.

ವಿಟಮಿನ್, ಖನಿಜ: ಒಂದೊಂದರದ್ದು ಒಂದೊಂದು ಜೋರು

ಬಾದಾಮಿಯ ನಿಜವಾದ ಬಲ ವಿಟಮಿನ್ ಇ. ಒಂದು ಹಿಡಿಯಲ್ಲಿ 7 ಮಿ.ಗ್ರಾಂ ದಾಟಿ ಇದೆ, ದಿನಕ್ಕೆ ಬೇಕಾದ 15 ಮಿ.ಗ್ರಾಂನಲ್ಲಿ ಹತ್ತಿರಹತ್ತಿರ ಅರ್ಧ. ಹೇಝಲ್‌ನಟ್ ಬಿಟ್ಟರೆ ಬೇರೆ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ. ಗೋಡಂಬಿಯಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಲ್ಸಿಯಂ ಕೂಡ ನಟ್ಸ್‌ಗಳಲ್ಲಿ ಬಾದಾಮಿಯಲ್ಲೇ ಜಾಸ್ತಿ, ಹಿಡಿಗೆ 76 ಮಿ.ಗ್ರಾಂ. ಆದರೆ ಒಂದು ಲೋಟ ಹಾಲಿನಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು ಇರುತ್ತದೆ. ಕ್ಯಾಲ್ಸಿಯಮ್ಮಿಗಾಗಿ ಬಾದಾಮಿ ತಿನ್ನುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ಗೋಡಂಬಿಯ ಜೋರು ಇರುವುದು ಖನಿಜಗಳಲ್ಲಿ. ಕಬ್ಬಿಣ 1.9 ಮಿ.ಗ್ರಾಂ, ಸತು 1.6 ಮಿ.ಗ್ರಾಂ, ಮೆಗ್ನೀಸಿಯಂ 80 ಮಿ.ಗ್ರಾಂ ದಾಟಿ. ಕಬ್ಬಿಣ ಮತ್ತು ಸತುವಿನಲ್ಲಿ ಬಾದಾಮಿಯನ್ನು ಸುಮಾರು ದುಪ್ಪಟ್ಟು ಅಂತರದಲ್ಲಿ ಹಿಂದೆ ಹಾಕುತ್ತದೆ. ತಾಮ್ರವಂತೂ ಒಂದೇ ಹಿಡಿಯಲ್ಲಿ ದಿನದ ಅಗತ್ಯದ ಮೂರನೇ ಎರಡು ಭಾಗ ಸಿಗುತ್ತದೆ. ಅಡ್ಡಿ ಎಂದರೆ ಫೈಟೇಟ್. ಎಲ್ಲ ಬೀಜಗಳಲ್ಲೂ ಇರುವ ಈ ವಸ್ತು ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಪೂರ್ತಿ ಸಿಗದಂತೆ ಮಾಡುತ್ತದೆ. ನಟ್ಸ್ ಜೊತೆ ಕಿತ್ತಳೆ, ಸೀಬೆ, ನೆಲ್ಲಿಕಾಯಿಯಂಥ ವಿಟಮಿನ್ ಸಿ ಇರುವ ಹಣ್ಣು ತಿಂದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಿಂದೆಯೇ ಟೀ ಕುಡಿದರೆ ಅದಕ್ಕೆ ಉಲ್ಟಾ.

ಪಿಸ್ತಾದಲ್ಲಿ ವಿಟಮಿನ್ ಬಿ6 ಮತ್ತು ಪೊಟ್ಯಾಸಿಯಂ ಹೆಚ್ಚು. ಬಿ6 ಒಂದು ಹಿಡಿಗೆ ದಿನದ ಮೂರನೇ ಒಂದು ಭಾಗ ದಾಟುತ್ತದೆ. ಆ ಹಸಿರು ಬಣ್ಣ ಸುಮ್ಮನೆ ಬಂದದ್ದಲ್ಲ. ಅದರ ಜೊತೆಗೇ ಇರುವ ಲ್ಯೂಟಿನ್, ಝಿಯಾಕ್ಸಾಂಥಿನ್ ಎಂಬ ವರ್ಣಕಗಳು ಕಣ್ಣಿನ ಅಕ್ಷಿಪಟಲದಲ್ಲಿ ಶೇಖರವಾಗುತ್ತವೆ. ಬೇರೆ ನಟ್ಸ್‌ನಲ್ಲಿ ಇವು ತೀರಾ ಕಮ್ಮಿ.

ಬ್ರೆಜಿಲ್ ನಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇದು ಸೆಲೆನಿಯಂನ ಕಣಜ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 55 ಮೈಕ್ರೋಗ್ರಾಂ. ಒಂದೇ ಒಂದು ಬ್ರೆಜಿಲ್ ನಟ್‌ನಲ್ಲಿ ಅದಕ್ಕಿಂತ ಹೆಚ್ಚಿರುವುದು ಮಾಮೂಲು. ಒಂದು ಹಿಡಿಯಲ್ಲಿ ಸರಾಸರಿ 544 ಮೈಕ್ರೋಗ್ರಾಂ. ಸುರಕ್ಷಿತ ಮಿತಿ ಅಮೆರಿಕದ ಪ್ರಕಾರ 400. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 255ಕ್ಕೇ ಇಳಿಸಿದೆ. ಅಂದರೆ ಬಾದಾಮಿಯಂತೆ ದಿನಾ ಹಿಡಿ ಹಿಡಿ ತಿಂದರೆ ಮಿತಿ ಮೀರಿಹೋಗುತ್ತದೆ. ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಅಷ್ಟಕ್ಕೇ ನಿಲ್ಲಿಸಿ. ಈ ಪಟ್ಟಿಯಲ್ಲಿ ಜಾಸ್ತಿ ತಿಂದರೆ ಪೋಷಕಾಂಶವೇ ವಿಷವಾಗುವ ಬೀಜ ಇದೊಂದೇ.

ಹಾಗಾದರೆ ಯಾರಿಗೆ ಯಾವುದು?

ತೂಕದ ಚಿಂತೆ ಇರುವವರಿಗೆ ನನ್ನ ಮತ ಇಡಿ ಬಾದಾಮಿಗೆ, ಇಲ್ಲವೇ ಚಿಪ್ಪಿರುವ ಪಿಸ್ತಾಕ್ಕೆ. ಬಾದಾಮಿಗೆ ನಾರೂ ಜಾಸ್ತಿ, ಎಣ್ಣೆಯೂ ಪೂರ್ತಿ ಮೈಗೆ ಸೇರುವುದಿಲ್ಲ. ಪಿಸ್ತಾದ ಅನುಕೂಲ ಬೇರೆ. ಒಂದೊಂದೇ ಬಿಡಿಸಿ ತಿನ್ನಬೇಕು, ಕೈ ನಿಧಾನವಾಗುತ್ತದೆ. ಖಾಲಿ ಚಿಪ್ಪಿನ ರಾಶಿ ಕಣ್ಣೆದುರೇ ಇರುವುದರಿಂದ ಎಷ್ಟು ತಿಂದೆವು ಎನ್ನುವುದು ಗೊತ್ತಾಗುತ್ತಲೇ ಇರುತ್ತದೆ. ಬಿಡಿಸಿದ ಗೋಡಂಬಿಯ ಡಬ್ಬಿ ಮುಂದಿಟ್ಟುಕೊಂಡು ಟಿವಿ ನೋಡುವುದರ ಪರಿಣಾಮ ಎಲ್ಲರಿಗೂ ಗೊತ್ತಿದ್ದದ್ದೇ.

ಸಕ್ಕರೆ ಕಾಯಿಲೆ ಇರುವವರಿಗೂ ನಟ್ಸ್ ಒಳ್ಳೆಯದೇ. ಬಿಸ್ಕತ್ತು, ಚಿಪ್ಸ್ ಜಾಗಕ್ಕೆ ಒಂದು ಹಿಡಿ ನಟ್ಸ್ ಬಂದರೆ ರಕ್ತದ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಆದರೆ ಇಲ್ಲಿ ಗೋಡಂಬಿ ಸ್ವಲ್ಪ ಹಿಂದೆ. ಅದರಲ್ಲಿ ಪಿಷ್ಟ ಜಾಸ್ತಿ, ನಾರು ಕಡಿಮೆ. ಹಿಡಿಗೆ ಸುಮಾರು 8.5 ಗ್ರಾಂ ಕಾರ್ಬೋಹೈಡ್ರೇಟ್, ಅಕ್ರೋಟಿನಲ್ಲಿ 4 ಗ್ರಾಂ. ಅರೆದಾಗ ಗೋಡಂಬಿ ಅಷ್ಟು ಚೆನ್ನಾಗಿ ಮಂದವಾಗುವುದಕ್ಕೂ ಈ ಪಿಷ್ಟದ ಕೈವಾಡವಿದೆ. ತಿನ್ನಲೇಬಾರದು ಅಂತಲ್ಲ, ಆಯ್ಕೆ ಇದ್ದರೆ ಬಾದಾಮಿ, ಅಕ್ರೋಟು, ಪಿಸ್ತಾ ಮೊದಲು.

ಕೊಲೆಸ್ಟರಾಲ್, ಬಿಪಿ ಇರುವವರಿಗೆ ಅಕ್ರೋಟು, ಬಾದಾಮಿ ಸೇರಿಸಿ, ಉಪ್ಪಿಲ್ಲದೆ. ಮಾಂಸ ಮೀನು ಬಿಟ್ಟವರಿಗೆ ಅಕ್ರೋಟು ಮತ್ತು ಕಡಲೆಬೀಜ, ಆಗಾಗ ಗೋಡಂಬಿ. ವ್ಯಾಯಾಮ ಮಾಡಿ ಹಸಿದು ಬರುವವರಿಗೆ ಕಡಲೆಬೀಜಕ್ಕಿಂತ ಸುಲಭದ್ದು ಇಲ್ಲ.

ಕಿಡ್ನಿ ಕಲ್ಲು ಆಗಿದ್ದವರು ಮಾತ್ರ ಸ್ವಲ್ಪ ನೋಡಿಕೊಂಡು ತಿನ್ನಬೇಕು. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಬಾದಾಮಿಯಲ್ಲಿ ಆಕ್ಸಲೇಟ್ ತುಂಬಾ ಜಾಸ್ತಿ, ಗೋಡಂಬಿಯಲ್ಲೂ ಇದೆ. ಪಿಸ್ತಾ, ಮೆಕಡೇಮಿಯಾಗಳಲ್ಲಿ ಬಹಳ ಕಡಿಮೆ. ಕಿಡ್ನಿಯ ಶಕ್ತಿಯೇ ಕುಂದಿದವರ ವಿಷಯ ಬೇರೆ. ಅವರಿಗೆ ಪೊಟ್ಯಾಸಿಯಂ, ರಂಜಕ ಎರಡೂ ಲೆಕ್ಕಕ್ಕೆ ಬರುತ್ತವೆ, ಪಿಸ್ತಾ ಅಲ್ಲಿ ತೊಂದರೆ ಕೊಡಬಹುದು. ಡಾಕ್ಟರನ್ನು ಕೇಳದೆ ಯಾವುದನ್ನೂ ರೂಢಿ ಮಾಡಿಕೊಳ್ಳಬೇಡಿ.

ಇಂಥ ಯಾವ ತೊಂದರೆಯೂ ಇಲ್ಲದವರಿಗೆ? ಪ್ರೆಡಿಮೆಡ್ ಮಾಡಿದ್ದನ್ನೇ ಮಾಡಿ. ಮಿಶ್ರಣ ಮಾಡಿ ತಿನ್ನಿ. ನನ್ನ ಅಳತೆ ಹೀಗೆ: ಐದಾರು ಅಕ್ರೋಟು ಹೋಳು, ಏಳೆಂಟು ಬಾದಾಮಿ, ಉಳಿದದ್ದಕ್ಕೆ ಕಡಲೆಬೀಜವೋ ಪಿಸ್ತಾವೋ. ಒಮೆಗಾ-3 ಒಂದರಿಂದ, ವಿಟಮಿನ್ ಇ ಇನ್ನೊಂದರಿಂದ, ಪ್ರೋಟೀನ್ ಮತ್ತೊಂದರಿಂದ ಬರುತ್ತದೆ. ಯಾವುದರ ಕೊರತೆಯೂ ಎದ್ದು ಕಾಣುವುದಿಲ್ಲ.

ಹಸಿ, ಹುರಿದದ್ದು, ನೆನೆಸಿದ್ದು, ಬೆಣ್ಣೆ, ಹಾಲು

ಒಣ ಬಾಣಲೆಯಲ್ಲಿ ಹದವಾಗಿ ಹುರಿದರೆ ಪ್ರೋಟೀನ್, ನಾರು, ಖನಿಜಗಳಿಗೆ ಏನೂ ಆಗುವುದಿಲ್ಲ. ಕೆಲವು ಬಿ ವಿಟಮಿನ್‌ಗಳು ಸ್ವಲ್ಪ ಹೋಗುತ್ತವೆ. ಬಾದಾಮಿಯನ್ನು ಕಪ್ಪಾಗುವಷ್ಟು ಹುರಿದರೆ ಮಾತ್ರ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚಾಗುತ್ತದೆ. ಸಣ್ಣ ಉರಿ, ತಿಳಿ ಕಂದು ಬಣ್ಣ, ಸಾಕು. ಅಕ್ರೋಟನ್ನು ಹುರಿಯದೆ ತಿನ್ನುವುದೇ ಲೇಸು. ಅದರ ಕೊಬ್ಬು ಬಿಸಿಗೆ ಬೇಗ ಕೆಡುವ ಜಾತಿಯದು.

ನೆನೆಸಿದರೆ ಬಾದಾಮಿ ಮೆತ್ತಗಾಗುತ್ತದೆ, ಹಲ್ಲಿಲ್ಲದವರಿಗೆ ಅನುಕೂಲ. ಆದರೆ ಪೋಷಕಾಂಶ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಡಿ ಬಾದಾಮಿಯ ಫೈಟೇಟ್ ನೆನೆಸಿದ ಮಾತ್ರಕ್ಕೆ ಹೇಳಿಕೊಳ್ಳುವಷ್ಟು ಇಳಿಯುವುದೂ ಇಲ್ಲ. ಸಿಪ್ಪೆ ಸುಲಿದರೆ ನಾರು ಮತ್ತು ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಎಂಬ ಉಪಯುಕ್ತ ಸಸ್ಯ ವಸ್ತುಗಳು ಕಸದ ಬುಟ್ಟಿಗೆ ಹೋಗುತ್ತವೆ. ಸಿಪ್ಪೆ ಹಿಡಿಸುವವರು ಸುಲಿಯುವ ಗೋಜಿಗೆ ಹೋಗಬೇಕಿಲ್ಲ. ಎಲ್ಲೋ ಒಂದು ಬಾದಾಮಿ ಕಹಿ ಸಿಕ್ಕರೆ ಉಗುಳಿಬಿಡಿ. ಕಹಿ ಬಾದಾಮಿಯಲ್ಲಿರುವ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಒಂದರಿಂದ ದೊಡ್ಡವರಿಗೆ ಏನೂ ಆಗದು, ಬೇಕೆಂದೇ ತಿನ್ನುವ ವಸ್ತು ಮಾತ್ರ ಅಲ್ಲ.

ಪೀನಟ್ ಬಟರ್ ಕೊಳ್ಳುವಾಗ ಡಬ್ಬಿಯ ಹಿಂದೆ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಕಡಲೆಬೀಜ, ಹೆಚ್ಚೆಂದರೆ ಉಪ್ಪು, ಅಷ್ಟೇ ಇದ್ದರೆ ಒಳ್ಳೆಯದು. ಎಣ್ಣೆ ಮೇಲೆ ತೇಲುತ್ತಿದ್ದರೆ ಹೆದರಬೇಡಿ, ಗಟ್ಟಿಗೊಳಿಸುವ ಬೇರೆ ಕೊಬ್ಬು ಸೇರಿಸಿಲ್ಲ ಎನ್ನುವ ಗುರುತು ಅದು. ಚೆನ್ನಾಗಿ ಕಲಸಿದರಾಯಿತು. ಚಾಕೊಲೇಟ್ ಬೆರೆತ ಹೇಝಲ್‌ನಟ್ ಸ್ಪ್ರೆಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರೇ ಸಕ್ಕರೆ. ಅದನ್ನು ನಟ್ಸ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಸಿಹಿತಿಂಡಿ ಎಂದುಕೊಳ್ಳಿ. ಬಾದಾಮಿ ಹಾಲಂತೂ ಬಹುಪಾಲು ನೀರು. ಒಂದು ಲೋಟಕ್ಕೆ 1 ಗ್ರಾಂ ಆಸುಪಾಸು ಪ್ರೋಟೀನ್, ಹಸುವಿನ ಹಾಲಿನಲ್ಲಿ 8 ಗ್ರಾಂ. ಹಾಲು ಆಗದವರು ಕುಡಿಯಲಿ, ಆದರೆ ಬಾದಾಮಿ ತಿಂದ ಲೆಕ್ಕ ಅಲ್ಲ.

ಕೊಳ್ಳುವಾಗ, ಇಡುವಾಗ

ಅಕ್ರೋಟಿನ ಹೋಳನ್ನು ಮುರಿದು ನೋಡಿ. ಒಳಗೆ ಕೆನೆಬಣ್ಣ ಇರಬೇಕು, ಪಟ್ ಎಂದು ಮುರಿಯಬೇಕು. ಹಳದಿ ತಿರುಗಿ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ. ಒಮೆಗಾ-3 ಜಾಸ್ತಿ ಇರುವ ಬೀಜಕ್ಕೆ ತೆರಬೇಕಾದ ಬೆಲೆ ಇದು, ಗಾಳಿ ಬೆಳಕು ಬಿಸಿ ಯಾವುದೂ ಆಗಿಬರುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ತಿಂಗಳುಗಟ್ಟಲೆ ಇಡುವುದಾದರೆ ಫ್ರೀಜರಿನಲ್ಲಿ. ಬಾದಾಮಿ, ಗೋಡಂಬಿ ಇದಕ್ಕಿಂತ ಹೆಚ್ಚು ಕಾಲ ಬಾಳಿಕೆ ಬರುತ್ತವೆ.

ಕಡಲೆಬೀಜ, ಪಿಸ್ತಾಗಳಲ್ಲಿ ನೋಡಬೇಕಾದ್ದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. ಅದು ಮನುಷ್ಯರಲ್ಲಿ ಲಿವರ್ ಕ್ಯಾನ್ಸರಿಗೂ ಕಾರಣವಾಗುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕು ಬಿದ್ದ, ಕಪ್ಪು ತಿರುಗಿದ, ಮುಗ್ಗಲು ವಾಸನೆಯ ಬೀಜ ಸಿಕ್ಕರೆ ಆರಿಸಿ ಎಸೆಯಿರಿ. ಅರ್ಧ ಚೆನ್ನಾಗಿದೆ ಎಂದು ಉಳಿಸಿಕೊಳ್ಳಬೇಡಿ.

ಅಲರ್ಜಿ ಮತ್ತು ಚಿಕ್ಕ ಮಕ್ಕಳು

ಅಲರ್ಜಿ ಇರುವವರಿಗೆ ಮೇಲಿನ ಯಾವ ಹೋಲಿಕೆಯೂ ಲೆಕ್ಕಕ್ಕಿಲ್ಲ. ಗೋಡಂಬಿ ಆಗದವರಿಗೆ ಹೆಚ್ಚಾಗಿ ಪಿಸ್ತಾವೂ ಆಗುವುದಿಲ್ಲ, ಎರಡೂ ಒಂದೇ ಸಸ್ಯಕುಟುಂಬದವು. ಅಕ್ರೋಟು ಮತ್ತು ಪೀಕನ್ ಕೂಡ ಹಾಗೆಯೇ ಒಂದು ಜೋಡಿ. ಕಡಲೆಬೀಜ ಬೇರೆ ಕುಲದ್ದಾದರೂ ಅದರ ಅಲರ್ಜಿ ಇರುವ ಕೆಲವರಿಗೆ ಮರದ ಬೀಜಗಳೂ ಆಗಿಬರುವುದಿಲ್ಲ. ತಿಂದ ಕೂಡಲೇ ತುಟಿ ಊದುವುದು, ಮೈಯಲ್ಲಿ ದದ್ದು ಏಳುವುದು, ಉಸಿರು ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮಕ್ಕಳಿಗೆ ಕಡಲೆಬೀಜ ತಡವಾಗಿ ಕೊಟ್ಟಷ್ಟೂ ಒಳ್ಳೆಯದು ಎಂದು ಮೊದಲು ಹೇಳುತ್ತಿದ್ದರು. 2015ರಲ್ಲಿ ಲೀಪ್ ಎಂಬ ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ, ಮೊದಲ ವರ್ಷದೊಳಗೇ ಕಡಲೆಬೀಜದ ಆಹಾರ ಶುರು ಮಾಡಿದವರಿಗೆ ಐದು ವರ್ಷವಾಗುವ ಹೊತ್ತಿಗೆ ಅದರ ಅಲರ್ಜಿ ಶೇ 80ರಷ್ಟು ಕಡಿಮೆ ಕಂಡಿತು. ಕೂಸಿಗೆ ತೀವ್ರ ಎಕ್ಸಿಮಾ (ತುರಿಕೆಯ ಚರ್ಮರೋಗ) ಅಥವಾ ಮೊಟ್ಟೆ ಅಲರ್ಜಿ ಇದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಆಮೇಲೆ ಶುರು ಮಾಡಿ. ಕೊಡುವುದು ಯಾವಾಗಲೂ ನುಣ್ಣಗೆ ಅರೆದು, ತೆಳ್ಳಗೆ ಬೆರೆಸಿ. ಇಡಿ ಬೀಜ ಐದು ವರ್ಷ ತುಂಬುವವರೆಗೂ ಬೇಡ. ಕಡಲೆಬೀಜದ ಗಾತ್ರ ಪುಟ್ಟ ಮಗುವಿನ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಲು ಸರಿಯಾಗಿರುತ್ತದೆ. ದೊಡ್ಡವರು ತಿಂದು ಬಿಟ್ಟ ಬಟ್ಟಲು ಕೂಸಿನ ಕೈಗೆ ಎಟುಕುವಲ್ಲಿ ಇರಬಾರದು.